ಕೈಗಡಿಯಾರವೂ ಎದೆಬಡಿತವೂ

ಕೈಗೆ ಗಡಿಯಾರ ಕಟ್ಟುವುದನ್ನು ನಾನು ಬಿಟ್ಟು ಹತ್ತು ಹನ್ನೆರಡು ವರ್ಷಗಳಾಗಿದ್ದುವು. ಕಾಲೇಜಿನಲ್ಲಿ ಗಂಟೆ ಹೊಡೆಯುತ್ತದೆ. ಮನೆಯಲ್ಲಿ ಹೆಂಡತಿ ಇದ್ದಾಳೆ. ಇವೆರಡರ ನಡುವಣ ಹಾದಿಗೆ ಜೇಬಿನಲ್ಲಿ ಮೊಬೈಲು ಇದೆ. ಮೂರು ಕಡೆಯಿಂದ ಕಾಲಪ್ರಜ್ಞೆ ಒದಗುತ್ತಿರುವಾಗ ನಾಲ್ಕನೆಯದೊಂದನ್ನು ಮಣಿಕಟ್ಟಿಗೆ ಬಿಗಿದುಕೊಳ್ಳುವುದು ದುಂದು ಎಂದು ನನ್ನ ಎಣಿಕೆ. ಆದರೆ ೨೦೨೫ರ ಯುಗಾದಿಗೆ ಬೆಂಗಳೂರಿನಿಂದ ಬಂದ ನನ್ನ ಹೆಂಡತಿಯ ತಮ್ಮ, “ಭಾವ, ಇದು ಹೊತ್ತು ನೋಡೋದಕ್ಕಲ್ಲ, ನಿಮ್ಮನ್ನ ನೋಡೋದಕ್ಕೆ” ಎಂದು ಕಪ್ಪನೆಯ ಚೌಕವೊಂದನ್ನು ನನ್ನ ಕೈಗೆ ಕಟ್ಟಿಯೇಬಿಟ್ಟ. ಹೋಳಿಗೆ ತಿಂದು ಮೈಮರೆತಿದ್ದ ಹೊತ್ತು; ಬೇಡವೆನ್ನುವ ಶಕ್ತಿ ನನ್ನಲ್ಲಿರಲಿಲ್ಲ.

ಅವನು ಅದನ್ನು ಏಕೆ ತಂದನೆಂಬುದು ನನಗೆ ಗೊತ್ತಿತ್ತು. ನನ್ನ ತಂದೆ ೧೯೯೪ರ ಡಿಸೆಂಬರಿನಲ್ಲಿ, ೪೭ನೆಯ ವಯಸ್ಸಿನಲ್ಲಿ, ಒಂದೇ ರಾತ್ರಿಯಲ್ಲಿ ತೀರಿಕೊಂಡರು. ಅರಸೀಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಅವರು ಶಾಲೆಯ ಮೇಷ್ಟರು. ನನಗೆ ಈಗ ೪೬ ನಡೆಯುತ್ತಿತ್ತು. ಮನೆಯಲ್ಲಿ ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೆ ಎಲ್ಲರೂ ಮಾಡಿಕೊಂಡಿದ್ದರು.

ಗಡಿಯಾರಕ್ಕೂ ಮೊಬೈಲಿಗೂ ಮೊದಲು ಗಂಟುಹಾಕಬೇಕಂತೆ. ಆ ಶಾಸ್ತ್ರವನ್ನು ಭಾವಮೈದುನನೇ ಪುರೋಹಿತನಾಗಿ ನಡೆಸಿಕೊಟ್ಟ. ಯಂತ್ರ ನನ್ನನ್ನು ಕೆಲವು ಪ್ರಶ್ನೆ ಕೇಳಿತು: ಗಂಡೋ ಹೆಣ್ಣೋ, ಹುಟ್ಟಿದ ದಿನ ಯಾವುದು, ಎತ್ತರವೆಷ್ಟು, ತೂಕವೆಷ್ಟು. ತೂಕವನ್ನು ಎರಡು ಕಿಲೋ ಇಳಿಸಿ ಹೇಳಿದೆ. ಯಂತ್ರದ ಮುಂದಾದರೂ ಮಾನವೆಂಬುದು ಬೇಡವೇ? ಅಲ್ಲಿಗೆ ಪ್ರಶ್ನೆಗಳು ಮುಗಿದುವು. ಅದು ಇನ್ನೊಂದು ಪ್ರಶ್ನೆ ಕೇಳಬೇಕಾಗಿತ್ತೆಂದು ಆಗ ನನಗೂ ಹೊಳೆಯಲಿಲ್ಲ.

ನಾಡಿ ನೋಡುವುದೇನೂ ಹೊಸ ವಿದ್ಯೆಯಲ್ಲ. ಶಾರ್ಙ್ಗಧರ ಸಂಹಿತೆಯ ಪ್ರಕಾರ ವಾತ ಕೆರಳಿದರೆ ನಾಡಿ ಹಾವಿನಂತೆ, ಜಿಗಣೆಯಂತೆ ಹರಿಯುತ್ತದೆ. ಪಿತ್ತವಾದರೆ ಕಾಗೆಯ ಹಾಗೆ, ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಕಫವಾದರೆ ಹಂಸದ, ಪಾರಿವಾಳದ ನಡಿಗೆ. ನಾಡಿಗೂ ಗಡಿಯಾರಕ್ಕೂ ನಂಟು ಬೆಳೆಸಿದವರು ಪಶ್ಚಿಮದವರು. ೧೭೦೭ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯ ನಾಡಿ ಎಣಿಸುವುದಕ್ಕೆಂದೇ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರ ಮಾಡಿಸಿ, ಅದರ ಮೇಲೊಂದು ಪುಸ್ತಕವನ್ನೂ ಬರೆದ. ಅಂದಿನಿಂದ ಕಪ್ಪೆ ಹಂಸಗಳು ಹೋಗಿ ಅಂಕಿ ಬಂತು. ನನ್ನ ಕೈಯ ಚೌಕ ಆ ಫ್ಲಾಯರನ ಮೊಮ್ಮಗನ ಮೊಮ್ಮಗ. ಅದರ ಬೆನ್ನಿನಲ್ಲಿ ಹಸಿರು ದೀಪಗಳಿವೆ. ರಾತ್ರಿ ದೀಪವಾರಿಸಿ ಕೈ ಸ್ವಲ್ಪ ಎತ್ತಿದರೆ ಮಿಂಚುಹುಳುವಿನಂತೆ ಮಿಣುಕುತ್ತವೆ. ರಕ್ತ ಕೆಂಪಾದ್ದರಿಂದ ಹಸಿರು ಬೆಳಕನ್ನು ನುಂಗುತ್ತದೆ. ಎದೆ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ನಾಳಗಳಲ್ಲಿ ರಕ್ತ ತುಂಬಿ, ಹಿಂದಿರುಗುವ ಬೆಳಕು ಒಂದು ಕ್ಷಣ ಕಡಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ನಿಮಿಷಕ್ಕೆ ಇಷ್ಟೆಂದು ಹೇಳುತ್ತದೆ. ಇಷ್ಟೇ ಅದರ ಗುಟ್ಟು. ಅದು ಹೃದಯವನ್ನು ನೋಡುವುದಿಲ್ಲ. ಮಣಿಕಟ್ಟಿನ ಚರ್ಮದ ಕೆಳಗೆ ಬೆಳಕು ಮಬ್ಬಾಗುವುದನ್ನು ನೋಡುತ್ತದೆ.

ಆದರೆ ಹೊಸದರಲ್ಲಿ ನನಗೆ ಈ ವಿವೇಕವಿರಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತ ಮಾಡುತ್ತ ಕಳ್ಳನೋಟದಿಂದ ಕೈ ನೋಡಿಕೊಳ್ಳುತ್ತಿದ್ದೆ. ಹುಡುಗರು ಮೇಷ್ಟರಿಗೂ ಗಂಟೆ ಹೊಡೆಯುವ ಆತುರವೆಂದು ತಿಳಿದು ಸಂತೋಷಪಟ್ಟರು. ಪ್ರಿನ್ಸಿಪಾಲರ ಮೀಟಿಂಗಿನಲ್ಲಿ ಕೂತಲ್ಲೇ ೧೦೪. ರನ್ನನ ಗದಾಯುದ್ಧದಲ್ಲಿ ಭೀಮನ ಆರ್ಭಟಕ್ಕೆ ದುರ್ಯೋಧನ ಸರೋವರದ ನೀರಿನೊಳಗಿದ್ದೂ ಬೆವರುತ್ತಾನಲ್ಲ, ಆ ಭಾಗವನ್ನು ಓದುವಾಗ ೧೧೨. ಇಪ್ಪತ್ತು ವರ್ಷಗಳಿಂದ ನಾನು ಆ ಪದ್ಯವನ್ನು ಎಂಥ ಆವೇಶದಿಂದ ಹೇಳುತ್ತಿದ್ದೇನೆಂಬುದಕ್ಕೆ ಕೊನೆಗೂ ಒಂದು ಪ್ರಮಾಣಪತ್ರ ದೊರೆಯಿತು. ರಾತ್ರಿ ಮಲಗಿದಾಗ ೬೪. “ನೋಡು, ೬೪!” ಎಂದು ಹೆಂಡತಿಗೆ ತೋರಿಸಿದರೆ, “ಮಾರ್ಕ್ಸು ಬಂದ ಹುಡುಗನ ಹಾಗೆ ಆಡಬೇಡಿ, ಮಲಗೀಂದ್ರೆ” ಎಂದಳು.

ಅದರ ಚೇಷ್ಟೆಗಳು ಒಂದೊಂದಾಗಿ ತಿಳಿಯುತ್ತ ಬಂದುವು. ನಾನು ಕರಿಹಲಗೆ ಒರೆಸಿದರೆ ಹೆಜ್ಜೆ ಏರುತ್ತದೆ. ಎರಡು ಕೈಯಲ್ಲೂ ದೇವರಾಜ ಮಾರುಕಟ್ಟೆಯ ತರಕಾರಿ ಚೀಲ ಹಿಡಿದು ಮೈಲಿ ನಡೆದರೆ ಅರ್ಧಕ್ಕರ್ಧ ಲೆಕ್ಕಕ್ಕೇ ಇಲ್ಲ. ಕೈ ಬೀಸಿದ್ದು ನಡಿಗೆ, ಬೀಸದ್ದು ನಡಿಗೆಯಲ್ಲ. ಹೆಂಡತಿ ಪರೀಕ್ಷೆಗೆಂದು ಕಟ್ಟಿಕೊಂಡು ತೆಂಗಿನಕಾಯಿ ತುರಿದಳು. ಒಂದು ಹೋಳು ಮುಗಿಯುವಷ್ಟರಲ್ಲಿ ನೂರಾರು ಹೆಜ್ಜೆ ನಡೆದಿದ್ದಳು. ನಮ್ಮ ಹುಡುಗ ಅದನ್ನು ಒಂದು ಬಾಳೆಕಾಯಿಗೆ ಬಿಗಿದ. ಸ್ವಲ್ಪ ಹೊತ್ತು ಯೋಚಿಸಿ ಗಡಿಯಾರ ೭೪ ಎಂದಿತು. ಬಾಳೆಕಾಯಿಯ ಆರೋಗ್ಯ ನನಗಿಂತ ಉತ್ತಮವಾಗಿರುವಂತೆ ಕಂಡಿತು. ಹಿಂದಿರುಗುವ ಬೆಳಕಿನಲ್ಲಿ ಎಲ್ಲಾದರೂ ಒಂದು ಲಯ ಸಿಕ್ಕೀತೇ ಎಂದು ಹುಡುಕುವುದೇ ಅದರ ಧರ್ಮ. ಲಯವಿಲ್ಲದ ಕಡೆಯೂ ಕೆಲವು ಸಲ ಅದು ಲಯವನ್ನು ಕಾಣುತ್ತದೆ. ನಮ್ಮ ವಿಮರ್ಶಕರನ್ನು ಬಲ್ಲ ನನಗೆ ಇದೇನೂ ಆಶ್ಚರ್ಯವಾಗಲಿಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಅದರ ಹಟವೂ ಹಾಗೆಯೇ. ಇದು ಯಾವುದೋ ವೈದ್ಯಶಾಸ್ತ್ರದ ವಿಧಿ ಎಂದುಕೊಂಡಿದ್ದೆ. ಹುಡುಕಿದರೆ, ೧೯೬೫ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಪೆಟ್ಟಿಗೆಯೊಂದನ್ನು ಮಾರಾಟಕ್ಕೆ ತಂದು, ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟಿತ್ತು. ಅಲ್ಲಿಂದ ಹುಟ್ಟಿದ್ದು ಈ ಸಂಖ್ಯೆ. ೨೦೧೯ರಲ್ಲಿ ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಂದಿ ವಯಸ್ಸಾದ ಹೆಂಗಸರ ನಡಿಗೆಯನ್ನು ಲೆಕ್ಕಹಾಕಿ ನೋಡಿದವರಿಗೆ, ಸುಮಾರು ೪,೪೦೦ ಹೆಜ್ಜೆ ನಡೆಯುವವರಲ್ಲೇ ಸಾವು ಕಡಮೆಯಾದದ್ದು ಕಂಡಿತು. ಸುಮಾರು ೭,೫೦೦ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಇನ್ನು ಸುಟ್ಟ ಕ್ಯಾಲೊರಿಯ ವಿಷಯವಂತೂ ಕೇಳಲೇಬೇಡಿ. ೨೦೧೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೬೦ ಜನರಿಗೆ ಏಳು ಬಗೆಯ ಇಂಥ ಕೈಪಟ್ಟಿಗಳನ್ನು ಕಟ್ಟಿ ಪರೀಕ್ಷಿಸಿದರು. ಏಳರಲ್ಲಿ ಆರು, ಎದೆಬಡಿತವನ್ನು ನೂರಕ್ಕೆ ಐದರೊಳಗಿನ ತಪ್ಪಿನಲ್ಲಿ ಹೇಳಿದುವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದರ ತಪ್ಪು ಸರಾಸರಿ ನೂರಕ್ಕೆ ೨೭; ಎಲ್ಲಕ್ಕಿಂತ ಕೆಟ್ಟದ್ದು ೯೩. ಇದನ್ನು ಓದುವ ಮೊದಲು, ಗಡಿಯಾರದ ಲೆಕ್ಕವನ್ನೇ ನಂಬಿ, ಸುಟ್ಟಿದ್ದೇನಲ್ಲ ಎಂಬ ಧೈರ್ಯದಿಂದ ನಾನು ತಿಂದ ಮೈಸೂರುಪಾಕಿಗೆ ಯಾರು ಹೊಣೆ?

ಇವೆಲ್ಲ ನಗುವ ಮಾತಾಯಿತು. ಜೂನಿನಲ್ಲಿ ನಗು ಸ್ವಲ್ಪ ಇಂಗಿತು. ಹಾಸನ ಜಿಲ್ಲೆಯಲ್ಲಿ ಸಣ್ಣ ವಯಸ್ಸಿನವರು ಒಬ್ಬರ ಹಿಂದೊಬ್ಬರು ಹೃದಯಾಘಾತದಿಂದ ಸತ್ತ ಸುದ್ದಿ ದಿನವೂ ಬರತೊಡಗಿತು. ನಮ್ಮದೇ ಜಿಲ್ಲೆ, ಊರಿನಿಂದ ಫೋನುಗಳ ಮೇಲೆ ಫೋನು. ೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ—ಅವರಿಗೂ ೪೬—ಆಸ್ಪತ್ರೆಗಳ ಮುಂದೆ ಜನ ಹೇಗೆ ಮುಗಿಬಿದ್ದಿದ್ದರೋ, ಈಗಲೂ ಹಾಗೆಯೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮುನ್ನವೇ ಸಾಲು. ಸರಕಾರ ತಜ್ಞರ ಸಮಿತಿ ನೇಮಿಸಿತು. ಸಾವುಗಳು ಹಿಂದಿಗಿಂತ ಅಸಾಮಾನ್ಯವಾಗಿ ಏರಿಲ್ಲವೆಂದೂ, ಸತ್ತವರಲ್ಲಿ ಬಹುಮಂದಿಗೆ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ಕಾರಣಗಳೇ ಇದ್ದುವೆಂದೂ ಅದು ಜುಲೈನಲ್ಲಿ ವರದಿ ಕೊಟ್ಟಿತು. ಅಷ್ಟರಲ್ಲಿ ನನ್ನ ಚಿಕ್ಕಪ್ಪನ ಮಗ ಆ ಸಾಲಿನಲ್ಲಿ ನಿಲ್ಲಲು ಊರಿನಿಂದ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದ. “ನೀನೂ ಬಾರೋ ಅಣ್ಣ” ಎಂದ. ನಾನು ಕೈ ಎತ್ತಿ ತೋರಿಸಿ, “ಆಸ್ಪತ್ರೆ ಇಲ್ಲೇ ಇದೆಯಲ್ಲಪ್ಪ” ಎಂದೆ. ಆ ಮಾತನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆದರೂ ಒಳಗೆ ಅಳುಕಿತ್ತೆಂದು ತೋರುತ್ತದೆ. ಏಕೆಂದರೆ ಮರುವಾರದಿಂದಲೇ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ ಸಾಲದೆ ಓಟ ಆರಂಭಿಸಿದೆ. ಓಟವೆಂದರೆ ಓಟವಲ್ಲ, ಕಾಲು ಪುಟಪುಟನೆ ಎತ್ತಿಹಾಕುವುದು. ತಣ್ಣನೆಯ ಬೆಳಗು, ಗಡಿಯಾರದ ಪಟ್ಟಿ ಸಡಿಲವಾಗಿತ್ತು. ಇದ್ದಕ್ಕಿದ್ದಂತೆ ಕೈ ಝುಮ್ಮೆಂದಿತು. ನೋಡುತ್ತೇನೆ: ೧೬೪! ಕೆಂಪಗೆ ಉರಿಯುತ್ತಿದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಕುಸಿದೆ. ಮೈ ಬೆವರಿತ್ತು. ಆ ಬೆವರನ್ನು ಕಂಡು ಇನ್ನಷ್ಟು ಬೆವರಿದೆ. ನಮ್ಮ ತಂದೆ ಆ ಡಿಸೆಂಬರಿನ ಚಳಿಯ ರಾತ್ರಿ ಅಂಗಿ ಒದ್ದೆಯಾಗುವಂತೆ ಬೆವರಿದ್ದರು. ಎಲ್ಲರೂ ಅದನ್ನು ವಾಯು ಎಂದರು. ಜೀರಿಗೆ ಕಷಾಯ ಮಾಡಿಕೊಟ್ಟರು. ನಾನು ಹದಿನೈದು ವರ್ಷದವನು, ಲಾಟೀನು ಹಿಡಿದು ನಿಂತಿದ್ದೆ. ಪದ್ಯದಲ್ಲಿ ನೀರೊಳಗಿನ ಬೆವರನ್ನು ಹುಡುಗರಿಗೆ ವಿವರಿಸುವಾಗಲೆಲ್ಲ ನನಗೆ ಕಾಣುವುದು ದುರ್ಯೋಧನನಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಅಲ್ಲಿಂದ ನೇರವಾಗಿ ನಮ್ಮ ಬಡಾವಣೆಯ ಹಿರಿಯ ವೈದ್ಯರ ಬಳಿಗೆ ಹೋದೆ. ಎಪ್ಪತ್ತು ದಾಟಿದವರು. ಅವರ ಕೈಯಲ್ಲಿ ಕೀಲಿ ಕೊಡುವ ಹಳೆಯ ಎಚ್.ಎಂ.ಟಿ. ಗಡಿಯಾರ. ನನ್ನ ಚೌಕವನ್ನು ಬಿಚ್ಚಿಸಿ ಮೇಜಿನ ಮೇಲಿಟ್ಟು, ಮೂರು ಬೆರಳು ನನ್ನ ಮಣಿಕಟ್ಟಿನ ಮೇಲಿಟ್ಟು, ಸೆಕೆಂಡಿನ ಮುಳ್ಳನ್ನೇ ನೋಡುತ್ತ ಸುಮ್ಮನೆ ಕುಳಿತರು. “ಎಂಬತ್ತಾರು. ಹೆದರಿಕೊಂಡಿದ್ದೀರಿ, ಅಷ್ಟೆ. ಎಲ್ಲ ಸಮನಾಗಿದೆ,” ಎಂದರು. ಇ.ಸಿ.ಜಿ. ತೆಗೆದರು, ಅದರಲ್ಲೂ ಎದ್ದು ಕಾಣುವಂಥದೇನೂ ಇರಲಿಲ್ಲ. ಓಡುವಾಗ ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತೀರಿ ಎಂದು ಕೇಳಿದರು. ಯಾರಿಗೆ ಗೊತ್ತು? ಮಾರನೆಯ ದಿನ ಎಣಿಸಿ ನೋಡಿದೆ: ೧೬೦ರ ಆಸುಪಾಸು. ಪಟ್ಟಿ ಸಡಿಲವಾಗಿ, ಚಳಿಗೆ ಚರ್ಮದಲ್ಲಿ ರಕ್ತ ಕಡಮೆಯಾಗಿ, ಬಡಿತ ಸರಿಯಾಗಿ ಸಿಕ್ಕದೆ ಹೋದಾಗ ಗಡಿಯಾರ ಕೈ ಕುಲುಕಿನ ಲಯವನ್ನೇ ನಾಡಿ ಎಂದುಕೊಂಡಿತ್ತು. ಅದು ಎಣಿಸಿದ್ದು ನನ್ನ ಎದೆಯನ್ನಲ್ಲ, ಕಾಲನ್ನು. ಕತ್ತಿನ ನಾಡಿ ಹಿಡಿದು ನಾನೇ ಎಣಿಸಿದಾಗ ೧೩೦ ಇರಲಿಲ್ಲ.

ಇಷ್ಟಾದ ಮೇಲೆ ನಾನು ಎದ್ದು ಹೊರಡುವವನೇ. ವೈದ್ಯರು, “ಕೂತ್ಕೊಳ್ಳಿ ಮೇಷ್ಟ್ರೇ, ಬಂದಿದ್ದೀರಿ, ಬಿ.ಪಿ. ನೋಡಿಬಿಡೋಣ” ಎಂದು ತೋಳಿಗೆ ಪಟ್ಟಿ ಸುತ್ತಿದರು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರು. ೧೫೮, ೯೮. ಆಮೇಲೆ, ಬರೆಯುತ್ತಿದ್ದ ಕಾಗದದಿಂದ ಕಣ್ಣೆತ್ತದೆ ಕೇಳಿದರು: “ತಂದೆಯವರು ಇದ್ದಾರೆಯೇ?”

“ಇಲ್ಲ.”

“ಎಷ್ಟು ವಯಸ್ಸಿಗೆ ಹೋದರು? ಏನಾಗಿತ್ತು?”

ಯುಗಾದಿಯ ದಿನ ಗಡಿಯಾರ ಕೇಳದೆ ಬಿಟ್ಟ ಪ್ರಶ್ನೆ ಇದು. ಹೇಳಿದೆ. ಅವರು ಲೇಖನಿ ಕೆಳಗಿಟ್ಟರು. ತಂದೆಗೋ ಅಣ್ಣತಮ್ಮಂದಿರಿಗೋ ಐವತ್ತೈದರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನೊಂದು ಮುಖ್ಯ ಲೆಕ್ಕವಾಗಿ ಹಿಡಿಯುತ್ತಾರಂತೆ. “ನಿಮ್ಮ ಊರಲ್ಲಿ ತೋಟಕ್ಕೆ ನೀರೆತ್ತೋ ಪಂಪು ನೋಡಿದ್ದೀರಲ್ಲ. ಪಂಪು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತೆ ಅಂತ ದೂರದಲ್ಲಿ ಕೂತೇ ಎಣಿಸಬಹುದು. ನಿಮ್ಮ ಗಡಿಯಾರ ಅದನ್ನ ಚೆನ್ನಾಗೇ ಮಾಡುತ್ತೆ, ನೀವು ಸುಮ್ಮನಿದ್ದಾಗ. ಕೊಳವೆ ಒಳಗೆ ಎಷ್ಟು ಕೆಸರು ಕಟ್ಟಿದೆ, ನೀರು ಎಷ್ಟು ಜೋರಿನಿಂದ ನುಗ್ತಾ ಇದೆ, ಅದು ಸದ್ದಿನಿಂದ ಗೊತ್ತಾಗಲ್ಲ” ಎಂದರು. ಮಲಗಿದಾಗ ೬೪ ಎಂದು ನಾನು ಮೂರು ತಿಂಗಳು ಬೀಗಿದ್ದು, ಒತ್ತಡ ೧೫೮ ಇರುವಾಗಲೇ.

ಗಡಿಯಾರದ ಮೇಲೆ ನನಗೆ ಸಿಟ್ಟಿಲ್ಲ. ಅದರ ಯೋಗ್ಯತೆಯನ್ನೂ ಹೇಳಿಬಿಡಬೇಕು. ವಿಶ್ರಾಂತಿಯ ನಾಡಿಯನ್ನು ಅದು ನಂಬುವಷ್ಟು ಸರಿಯಾಗಿ ಹೇಳುತ್ತದೆ. ತಿಂಗಳುಗಟ್ಟಲೆ ಅದು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದನ್ನು ತೋರಿಸುವುದು ನನ್ನ ಬೆರಳಿನಿಂದ ಆಗುವ ಕೆಲಸವಲ್ಲ. ಕೈ ಆಡಿದಾಗ ತಪ್ಪು ಹೆಚ್ಚುತ್ತದೆ. ಚರ್ಮದ ಬಣ್ಣ ಕಪ್ಪಾದಷ್ಟೂ ತಪ್ಪು ಹೆಚ್ಚೆಂದು ಸ್ಟ್ಯಾನ್‌ಫರ್ಡಿನವರಿಗೆ ಕಂಡಿತ್ತು. ೨೦೨೦ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿ, ಬಣ್ಣದಿಂದ ಗಣ್ಯವಾದ ವ್ಯತ್ಯಾಸವಿಲ್ಲ, ಚಲನೆಯಿಂದಲೇ ಇದೆ ಎಂದರು. ಪಂಡಿತರ ಜಗಳ ನಮ್ಮ ಕವಿಕಾಲನಿರ್ಣಯದಲ್ಲಿ ಮಾತ್ರವಲ್ಲ ಎಂದು ಸಮಾಧಾನವಾಯಿತು.

ಲಯ ತಪ್ಪಿದ ಬಡಿತವನ್ನು ಹಿಡಿಯುವುದು ಇದರ ಇನ್ನೊಂದು ವಿದ್ಯೆ. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿಯಾಗಿ ಕಂಪಿಸುವ ಒಂದು ರೋಗವುಂಟು. ಅದರಿಂದ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಆಪಲ್ ಗಡಿಯಾರ ಕಟ್ಟಿದ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್ಚರಿಕೆ ಬಂದದ್ದು ಸಾವಿರಕ್ಕೆ ಸುಮಾರು ಐವರಿಗೆ. ಅವರಲ್ಲಿ ಎದೆಗೆ ಪಟ್ಟಿ ಅಂಟಿಸಿಕೊಂಡು ಒಂದು ವಾರದವರೆಗೆ ಪರೀಕ್ಷೆಗೊಳಗಾದವರ ಪೈಕಿ ನೂರಕ್ಕೆ ೩೪ ಮಂದಿಗೆ ಆ ರೋಗ ಕಂಡಿತು. ಎಚ್ಚರಿಕೆ ೬೫ ದಾಟಿದವರಲ್ಲಿ ನೂರಕ್ಕೆ ಮೂವರಿಗೆ ಬಂದರೆ, ನಲವತ್ತರ ಕೆಳಗಿನವರಲ್ಲಿ ಸಾವಿರಕ್ಕೆ ಇಬ್ಬರಿಗೂ ಇಲ್ಲ. ಎಂದರೆ ಈ ವಿದ್ಯೆ ಹೆಚ್ಚು ಒದಗುವುದು ನನ್ನ ತಾಯಿಯ ವಯಸ್ಸಿಗೆ. ನಡುವಯಸ್ಸಿನವನನ್ನು ಕೆಡವುವುದು ಸಾಮಾನ್ಯವಾಗಿ ಲಯವಲ್ಲ, ನಾಳದೊಳಗಿನ ಕೊಬ್ಬು. ಬೆರಳಿಟ್ಟರೆ ಇ.ಸಿ.ಜಿ. ಬರೆಯುವ ಗಡಿಯಾರಗಳೂ ಬಂದಿವೆ. ಆದರೆ ಆಸ್ಪತ್ರೆಯದು ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡಿದರೆ ಇದು ಒಂದೇ ಕಿಂಡಿಯಿಂದ ಇಣಿಕುತ್ತದೆ, ಮತ್ತು ಹೃದಯಾಘಾತವನ್ನು ತಾನು ಕಂಡುಹಿಡಿಯಲಾರೆನೆಂದು ಆ ಗಡಿಯಾರವೇ ಒಪ್ಪಿಕೊಳ್ಳುತ್ತದೆ. ಇಷ್ಟು ಪ್ರಾಮಾಣಿಕತೆಯನ್ನು ನಾವು ಓದುವುದಿಲ್ಲ. ಅಂಕಿಯನ್ನಷ್ಟೇ ಓದುತ್ತೇವೆ.

ಆ ಸಂಜೆ ಮನೆಗೆ ಬಂದು ಅಮ್ಮನ ಹತ್ತಿರ ಕೂತೆ. ಅವಳು ಹೂ ಕಟ್ಟುತ್ತಿದ್ದಳು. “ಅಪ್ಪನಿಗೆ ಮೊದಲು ಏನಾದರೂ ತೊಂದರೆ ಇತ್ತೇನಮ್ಮಾ, ಡಾಕ್ಟ್ರು ಕೇಳ್ತಾರೆ” ಎಂದೆ. ಮೂವತ್ತೊಂದು ವರ್ಷಗಳಲ್ಲಿ ನಾನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ಎರಡು ಹೂ ಹೆಚ್ಚಾಗಿ ಕಟ್ಟಿದಳು. ಆಮೇಲೆ ಹೇಳಿದಳು:

“ಹದಿನೈದು ದಿವಸದಿಂದ ಇಸ್ಕೂಲಿಗೆ ಹೋಗೋವಾಗ ಆಂಜನೇಯನ ಗುಡಿ ಹತ್ತಿರ ನಿಲ್ತಾ ಇದ್ದರು. ಏರು ನೋಡು ಅದು. ಜಗಲಿ ಮೇಲೆ ಒಂದು ಗಳಿಗೆ ಕೂತು, ಎದೆ ಹಿಡಿದ ಹಾಗಾಗುತ್ತೆ, ಕೂತರೆ ಹೋಗುತ್ತೆ ಅಂತಿದ್ದರು. ಗುಡಿ ಮುಂದೆ ತಾನೆ ಕೂತಿದ್ದು, ಒಳ್ಳೇದೇ ಆಯ್ತು ಅಂದುಕೊಂಡೆ ನಾನು.”

ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಮಾರನೆಯ ದಿನ ವೈದ್ಯರಿಗೆ ಒಪ್ಪಿಸಿದಾಗ ಅವರು, “ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಪುಸ್ತಕದಲ್ಲೂ ಇಲ್ಲ” ಎಂದು ಸುಮ್ಮನಾದರು. ಏರು ಹತ್ತುವಾಗ ಬರುವುದು, ಕೂತರೆ ಹೋಗುವುದು. ಹಳ್ಳಿಯ ಹೆಂಗಸೊಬ್ಬಳು ಹದಿನೈದು ದಿನ ಕಣ್ಣಾರೆ ಕಂಡಿದ್ದಳು. ಅದಕ್ಕೆ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಮುಂದಿನದು ಬೇಗ ಹೇಳುತ್ತೇನೆ. ರಕ್ತಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲು ೧೬೮ ಬಂತು. ಓಡುವ ಪಟ್ಟಿಯ ಮೇಲೆ ನಡೆಸಿ ನೋಡಿದರು, ಸದ್ಯಕ್ಕೆ ಭಯವಿಲ್ಲವೆಂದರು. ದಿನಕ್ಕೆ ಎರಡು ಮಾತ್ರೆ, ಉಪ್ಪಿನಕಾಯಿ ಹಪ್ಪಳಕ್ಕೆ ಕತ್ತರಿ, ಮನೆಯಲ್ಲೊಂದು ಬಿ.ಪಿ. ಯಂತ್ರ. ಒತ್ತಡ ಏರಿರಬಹುದೆಂದು ಸುಳುಹು ಕೊಡುವ ಗಡಿಯಾರಗಳು ಇತ್ತೀಚೆಗೆ ಬಂದಿವೆಯೆಂದು ಭಾವಮೈದುನ ಹೇಳುತ್ತಾನೆ. ಅವೂ ಎಷ್ಟೆಂಬ ಅಂಕಿಯನ್ನು ಹೇಳುವುದಿಲ್ಲವಂತೆ, ಕೊನೆಗೆ ತೋಳಿನ ಪಟ್ಟಿಗೇ ಕಳಿಸುತ್ತವಂತೆ. “ಹೊಸದು ತಂದುಕೊಡಲಾ ಭಾವ?” ಎಂದ. ಇದೇ ಸಾಕೆಂದೆ. ಅದು ಈಗಲೂ ನನ್ನ ಕೈಯಲ್ಲಿದೆ, ಒಂದು ತೂತು ಬಿಗಿಯಾಗಿ. ವಿಶ್ರಾಂತಿಯ ನಾಡಿ ೬೪ರಿಂದ ೬೦ಕ್ಕೆ ಇಳಿದಿದೆ. ಇದನ್ನು ನಾನು ನಂಬುತ್ತೇನೆ.

ಬೆಳಗ್ಗೆ ಕೆರೆ ಸುತ್ತಿ ಬರುತ್ತೇನೆ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು, ನಂದಿಯವರೆಗೆ. ಹೆಂಡತಿ ಬಿ.ಪಿ. ಯಂತ್ರ ಮುಂದಿಟ್ಟುಕೊಂಡು ಕಾದಿರುತ್ತಾಳೆ. ಮಗ ಹೆಜ್ಜೆ ಎಷ್ಟೆಂದು ಕೈ ಎಳೆದು ನೋಡುತ್ತಾನೆ. ಅಮ್ಮ ಅಡಿಗೆಮನೆಯ ಬಾಗಿಲಿನಿಂದ ಅಂಕಿ ಗಿಂಕಿ ಒಂದನ್ನೂ ಕೇಳುವುದಿಲ್ಲ.

“ಎಲ್ಲೂ ನಿಲ್ಲಲಿಲ್ಲ ತಾನೆ?” ಎನ್ನುತ್ತಾಳೆ.

“ಇಲ್ಲಮ್ಮ,” ಎನ್ನುತ್ತೇನೆ.